ಉಪ್ಪಿನ ಋಣ

ತೊಂಬತ್ತೈದು ಡಿಗ್ರಿಗೆ ಕಾಯಿಸಿ
ರಾತ್ರಿಯಿಡೀ ಆರಲು ಬಿಟ್ಟಿದ್ದೆ.
ಹೊರಗೆ ಲ್ಯುಬ್ಲ್ಯಾನಾದ ಮಂಜು
ಕಿಟಕಿಗೆ ಮುಖ ಒತ್ತಿ ನಿಂತಿತ್ತು.
ಒಳಗೆ ಅಯಸ್ಕಾಂತ, ಆಳೆತ್ತರದ ಉಕ್ಕಿನ ಹಂಡೆ,
ಅದರ ಹೊಟ್ಟೆಯಲ್ಲಿ ಹೀಲಿಯಂ ಚಳಿ,
ಚಳಿಯ ನಡುವೆ ಗೇಣುದ್ದ ಗಾಜಿನ ನಳಿಕೆ,
ನಳಿಕೆಯಲ್ಲಿ ಹತ್ತು ಹನಿ ನೀರು,
ನೀರಿನಲ್ಲಿ ಅದು.

ಅದು ಎಂದರೆ ಏಣಿ ಎಂದಿದ್ದರು ಶಾಲೆಯಲ್ಲಿ.
ತಿರುಚಿದ ಏಣಿ. ಗೋಡೆಯ ಚಿತ್ರದಲ್ಲಿ
ಪ್ರತಿ ಮೆಟ್ಟಿಲೂ ಮದುವೆಯಾಗಿ ಹಳತಾದ ಜೋಡಿ:
ಎ ಎಂದರೆ ಟಿ, ಜಿ ಎಂದರೆ ಸಿ,
ಅತ್ತಿತ್ತ ನೋಡುವಂತಿಲ್ಲ.

ಆದರೆ ಜಿಗೆ ಇನ್ನೊಂದು ಅಂಚಿದೆ,
ಸಿ ಎಂದೂ ಹಿಡಿಯದ ಕೈ.
ಜಿ ಜಿ ಜಿ ಎಂದು ಸಾಲುಸಾಲಾಗಿ ಬಂದಲ್ಲಿ
ಎಳೆ ಜೊತೆಯವಳ ಬೆರಳು ಬಿಡಿಸಿಕೊಂಡು
ಮೊಣಕಾಲು ಮಡಚಿ
ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತದೆ.
ನಾಲ್ಕು ಜಿ ಕೈಕೈ ಹಿಡಿದು ಒಂದು ಚೌಕ,
ಚೌಕದ ಮೇಲೆ ಚೌಕ, ಮೇಲೆ ಇನ್ನೊಂದು,
ನಡುವಿನ ಬಾವಿಯಲ್ಲಿ ಪೊಟ್ಯಾಸಿಯಂ ಕಾಳು.
ಸೋಡಿಯಂ ಹಾಕಿ ನೋಡು, ಬೇರೆ ಥರ ಕೂರುತ್ತದೆ.
ಲಿಥಿಯಂಗೆ ಮುಖವನ್ನೇ ಕೊಡುವುದಿಲ್ಲ.

ಬೆಳಿಗ್ಗೆ ಪರದೆಯ ಮೇಲೆ ಶಿಖರಗಳು.
ಹನ್ನೆರಡರಾಚೆ ಏಣಿಯ ಹಲ್ಲು,
ಹನ್ನೆರಡರೀಚೆ ಚೌಕದ ಹಲ್ಲು,
ಎರಡೂ ಒಂದೇ ಬಾಯಲ್ಲಿ.
ಡಾ. ರೊಗೆಲ್ ಕನ್ನಡಕ ಹಣೆಗೇರಿಸಿ
"ಯಾವುದಿದು?" ಅಂದರು.
"ಎರಡೂ."
"ಎರಡೂ ಅನ್ನೋದು ಉತ್ತರ ಅಲ್ಲ, ನೇಝಾ.
ನಳಿಕೆ ತೊಳಿ, ಮೊದಲಿಂದ ಮಾಡು."

ಶನಿವಾರ ಇದ್ರಿಯಾದ ಬಸ್ಸು.
ಪಾದರಸದ ಗಣಿ ಮುಚ್ಚಿದ ಊರು,
ತಿರುವಿನ ಮೇಲೆ ತಿರುವು, ಹೊಟ್ಟೆ ತೊಳಸುವ ದಾರಿ.
ಯುಸ್ಟಿನಾ ಅಜ್ಜಿ ಲೇಸು ಹೆಣೆಯುವ ದಿಂಬಿನ ಮುಂದೆ,
ಮರದ ಕಡ್ಡಿಗಳು ಕಟಕಟ ಕಟಕಟ.
ಎಡಗೈಗೊಂದು ಜೊತೆ, ಬಲಗೈಗೊಂದು ಜೊತೆ,
ತಿರುಚು, ದಾಟಿಸು, ತಿರುಚು, ದಾಟಿಸು,
ಎಷ್ಟೇ ದೊಡ್ಡ ಮೇಜುಬಟ್ಟೆಯಾಗಲಿ
ಒಂದು ಸಲಕ್ಕೆ ನಾಲ್ಕೇ ಎಳೆ.

ನನ್ನ ಗೋಳು ಹೇಳಿಕೊಂಡೆ.
ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡೇ ಕೇಳಿದಳು:
"ನೀನು ನೋಡದೇ ಇರುವಾಗ ಅದು ಹೇಗಿರುತ್ತೆ?"
ಗೊತ್ತಿಲ್ಲ ಅಂದೆ.
"ಅದಕ್ಕೆ ಏನು ಹಾಕಿದ್ದೆ?"
"ಪೊಟ್ಯಾಸಿಯಂ. ಒಂದು ಥರದ ಉಪ್ಪು."
"ಮತ್ತೆ? ಯಾರ ಮನೆ ಉಪ್ಪು ತಿಂದಿತೋ
ಅವರ ಮನೆ ಥರ ಕೂತಿದೆ.
ಅರ್ಧ ಉಪ್ಪಿಗೆ ಅರ್ಧ ಋಣ."

ಎಲ್ಲೋ ತಪ್ಪಿತ್ತೇನೋ, ಸೂಜಿ ಕಿತ್ತು
ಒಂದು ಬೆರಳಷ್ಟು ಹೆಣಿಗೆ ಬಿಚ್ಚಿದಳು.
ನಾಲ್ಕೆಳೆ ಮತ್ತೆ ಎರಡು ಜೊತೆಯಾದವು.
ಬಿಚ್ಚಿದ ನೂಲಿನಲ್ಲಿ
ಜಡೆಯಾಗಿದ್ದ ಕಾಲದ ಅಲೆ
ಇನ್ನೂ ಆರಿರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುತ್ತ ನೆನಪಾಯಿತು:
ಬಿಟ್ಟುಹೋದ ಸಿ ಎಳೆ ಸುಮ್ಮನಿರುತ್ತದೆಯೇ?
ತುಸು ಹುಳಿ ಸಿಕ್ಕರೆ ಸಾಕು,
ಅದೂ ತನ್ನೊಳಗೆ ತಾನೇ ಹೊಕ್ಕು ಮಡಚಿಕೊಳ್ಳುತ್ತದೆ.
ಒಬ್ಬರಿಗೆ ಉಪ್ಪು, ಒಬ್ಬರಿಗೆ ಹುಳಿ,
ಮುನಿಸು ಮುಗಿದ ಮೇಲೆ ಮತ್ತೆ ಅದೇ ಏಣಿ.
ಅಥವಾ ಮುನಿಸೇ ಅಲ್ಲವೇನೋ.
ನಿಂತೂ ನಿಂತೂ ಕಾಲು ನೋಯುವುದಿಲ್ಲವೇ ಯಾರಿಗೂ?

ಸೋಮವಾರ ನಳಿಕೆ ತೊಳೆಯಲಿಲ್ಲ.
ಚಿಟಿಕೆ ಚಿಟಿಕೆಯಾಗಿ ಪೊಟ್ಯಾಸಿಯಂ ಕೂಡಿಸುತ್ತ ಹೋದೆ,
ಪ್ರತಿ ಚಿಟಿಕೆಗೊಂದು ಗೆರೆ ಬರೆಸುತ್ತ.
ದಿನಚರಿಯಲ್ಲಿ ಬರೆದೆ:
ಎರಡೂ. ಎಷ್ಟು ಹೊತ್ತು ಯಾವುದು, ಕೇಳಬೇಕಾದ್ದು ಅದು.

ಡಾ. ರೊಗೆಲ್ ಸಹಿ ಹಾಕಲಿಲ್ಲ,
ಬೇಡ ಎನ್ನಲೂ ಇಲ್ಲ.
ಆರಿದ ಕಾಫಿ ಹಿಡಿದು
ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ
ಪರದೆಯ ಮುಂದೆ ನಿಂತೇ ಇದ್ದರು,
ಹದಿಮೂರರ ಬಳಿಯ ಶಿಖರ ಕುಗ್ಗಿ ಕುಗ್ಗಿ
ಹನ್ನೊಂದರಲ್ಲಿ ಇನ್ನೊಂದು
ಮೊಳೆಯುವವರೆಗೆ.